ಸದ್ದು ಮುಂದಿನದೋ, ಹಿಂದಿನದೋ?

ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ಮನೆ ಮುಂದೆ ನಿಲ್ಲುವ ದೊಡ್ಡ ಗಾಡಿ ಬಹುಕಾಲ ಡೀಸೆಲ್ ಗಾಡಿಯೇ ಆಗಿತ್ತು. ಸುಮೊ, ಕ್ವಾಲಿಸ್, ಬೊಲೆರೊ, ಸ್ಕಾರ್ಪಿಯೊ: ಹೊಲಕ್ಕೂ ಅವೇ, ಮದುವೆಗೂ ಅವೇ, ಗಾಣಗಾಪುರದ ಹುಣ್ಣಿಮೆಗೂ ಅವೇ. 2020ರ ಏಪ್ರಿಲ್ 1ರಂದು ದೇಶದೆಲ್ಲೆಡೆ ಬಿಎಸ್-6 ನಿಯಮ ಜಾರಿಗೆ ಬಂದಮೇಲೆ ಈ ಲೆಕ್ಕ ಬದಲಾಗತೊಡಗಿತು. ಮಾರುತಿ ಸುಜುಕಿ ಕಂಪನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. 2016ರಲ್ಲಿ ಬರೀ ಡೀಸೆಲ್ ಎಂಜಿನ್ನಿನೊಂದಿಗೆ ಬಂದಿದ್ದ ವಿಟಾರಾ ಬ್ರೆಜಾ 2020ರಲ್ಲಿ ಬರೀ ಪೆಟ್ರೋಲ್ ಗಾಡಿಯಾಯಿತು. ನೆಕ್ಸಾನ್, ವೆನ್ಯೂ, ಕ್ರೆಟಾ ಕೊಳ್ಳುವವರಲ್ಲೂ ಪೆಟ್ರೋಲ್ ಆರಿಸುವವರಿಗೆ ಕೊರತೆಯಿಲ್ಲ. ಎಂಜಿನ್ ಬದಲಾಯಿತು, ಅದರ ಕಾಯಿಲೆಗಳೂ ಬದಲಾದವು. ಬದಲಾಗದೆ ಉಳಿದದ್ದು ಚಿಕಿತ್ಸೆಯ ರೂಢಿ. ಪೆಟ್ರೋಲ್ ಗಾಡಿಯ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಬ್ಯಾಕ್‌ಫೈರ್, ಅಂದರೆ ಓಡುವಾಗಲೋ ಚಾಲೂ ಮಾಡುವಾಗಲೋ ಪಟಾಕಿ ಸಿಡಿದಂತೆ ಬರುವ ಸದ್ದು. ಅದು ಕೇಳಿದ ಕೂಡಲೇ ನಡೆಯುವುದು ಒಂದೇ: ಪ್ಲಗ್ ಬದಲಿಸು, ಅದಾಗದಿದ್ದರೆ ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್, ಅದೂ ಆಗದಿದ್ದರೆ ಸೆನ್ಸರ್, ಕೊನೆಗೆ ಪೆಟ್ರೋಲ್ ಪಂಪ್. ಒಂದೊಂದು ಭಾಗಕ್ಕೂ ದುಡ್ಡು, ಒಂದೊಂದು ಸಲವೂ ಕಲಬುರಗಿಗೋ ಸೊಲ್ಲಾಪುರಕ್ಕೋ ಓಡಾಟ. ಈ ಕ್ರಮವೇ ತಪ್ಪು ಎಂಬುದು ನನ್ನ ವಾದ. ಬ್ಯಾಕ್‌ಫೈರ್ ಒಂದು ಕಾಯಿಲೆಯಲ್ಲ, ಹಲವು ಕಾಯಿಲೆಗಳ ಲಕ್ಷಣ. ಸದ್ದು ಎಂಜಿನ್ನಿನ ಯಾವ ಬದಿಯಿಂದ, ಯಾವ ಹೊತ್ತಿನಲ್ಲಿ ಬಂತು ಎಂದು ಗೊತ್ತುಮಾಡಿಕೊಳ್ಳುವ ಮುನ್ನ ಒಂದು ಭಾಗವನ್ನೂ ಕೊಳ್ಳಬಾರದು.

ಈ ಪ್ರಶ್ನೆಗೆ ಅಷ್ಟು ತೂಕ ಏಕೆ ಎಂದು ತಿಳಿಯಲು ಎಂಜಿನ್ ಒಳಗೆ ಏನಾಗುತ್ತದೆಂದು ನೋಡಬೇಕು. ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ನಾಲ್ಕು ಕೆಲಸ ಮಾಡುತ್ತದೆ: ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಒಳಗೆಳೆಯುವುದು, ಒತ್ತುವುದು, ಕಿಡಿ ಹಾರಿ ಉರಿದಾಗ ಅದರ ಬಲಕ್ಕೆ ಕೆಳಗಿಳಿಯುವುದು, ಸುಟ್ಟ ಹೊಗೆಯನ್ನು ಹೊರಗೆ ತಳ್ಳುವುದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಬೆಂಕಿ ಹೊತ್ತಬೇಕು. ಪ್ರತಿ ಸಲವೂ ಮಿಶ್ರಣದ ಅಳತೆ ಸರಿಯಿರಬೇಕು, ಕಿಡಿ ಸರಿಯಾದ ಹೊತ್ತಿಗೆ ಬೀಳಬೇಕು, ವಾಲ್ವ್‌ಗಳು ಬಿಗಿಯಾಗಿ ಮುಚ್ಚಿರಬೇಕು. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಬೆಂಕಿ ಹೊತ್ತಬೇಕಾದದ್ದು ಸಿಲಿಂಡರಿನ ಒಳಗೆ ಮಾತ್ರ, ವಾಲ್ವ್‌ಗಳೆಲ್ಲ ಮುಚ್ಚಿದ್ದಾಗ ಮಾತ್ರ. ಈ ಏರ್ಪಾಡು ತಪ್ಪಿ ಬೆಂಕಿ ಬೇರೆ ಕಡೆ ಹೊತ್ತಿಕೊಂಡಾಗ ನಮಗೆ ಆ ಸದ್ದು ಕೇಳುತ್ತದೆ. ಅದು ಹೊತ್ತಿಕೊಳ್ಳಲು ಎರಡೇ ಜಾಗ. ಒಂದು, ಗಾಳಿ ಒಳಗೆ ಬರುವ ದಾರಿ, ಬಾನೆಟ್ ಕೆಳಗೆ. ಇನ್ನೊಂದು, ಹೊಗೆ ಹೊರಗೆ ಹೋಗುವ ದಾರಿ, ಸೈಲೆನ್ಸರ್ ಕಡೆ. ಮುಂದಿನ ಸದ್ದಿಗೂ ಹಿಂದಿನ ಸದ್ದಿಗೂ ಕಾರಣಗಳು ಬಹುಮಟ್ಟಿಗೆ ಬೇರೆ ಬೇರೆ. ಆದ್ದರಿಂದ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗದಲ್ಲಿ ದೊಡ್ಡ ಪಾಲು ತಾನಾಗಿ ಕಡಿಮೆಯಾಗುತ್ತದೆ.

ಹೆಚ್ಚಿನ ಗಾಡಿಗಳಲ್ಲಿ ಕೇಳುವುದು ಹಿಂದಿನ ಸದ್ದು. ಒಂದು ಸಿಲಿಂಡರಿನಲ್ಲಿ ಕಿಡಿ ಬೀಳಲಿಲ್ಲ, ಇಲ್ಲವೇ ಬಿದ್ದ ಕಿಡಿಗೆ ಬಲವಿರಲಿಲ್ಲ. ನಮ್ಮ ಕಡೆಯ ಮಿಸ್ತ್ರಿಗಳು ಇದಕ್ಕೆ ‘ಮಿಸ್ಸಿಂಗ್ ಹೊಡಿಲಾಕತ್ತದ’ ಎನ್ನುತ್ತಾರೆ. ಉರಿಯದೆ ಉಳಿದ ಪೆಟ್ರೋಲ್ ಗಾಳಿಯ ಸಮೇತ ಸೈಲೆನ್ಸರ್ ಕೊಳವೆಗೆ ಹೋಗುತ್ತದೆ. ಅಲ್ಲಿ ಆಗಲೇ ಚೆನ್ನಾಗಿ ಕಾದ ಲೋಹವಿದೆ, ಪಕ್ಕದ ಸಿಲಿಂಡರಿನಿಂದ ಬರುವ ಬಿಸಿ ಹೊಗೆಯಿದೆ. ಗ್ಯಾಸ್ ಒಲೆಯ ಕಿವಿ ತಿರುವಿ ಕಡ್ಡಿ ಗೀರುವುದು ತಡವಾದರೆ ಭುಗ್ ಎಂದು ಹೊತ್ತಿಕೊಳ್ಳುತ್ತದಲ್ಲ, ಸೈಲೆನ್ಸರ್ ಒಳಗೆ ಆಗುವುದೂ ಅದೇ. ಕಿಡಿ ಚೆನ್ನಾಗಿದ್ದೂ ಪೆಟ್ರೋಲ್ ಅತಿಯಾಗಿ ಬರುತ್ತಿದ್ದರೂ ಹೀಗಾಗುತ್ತದೆ: ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಒಂದು ಪೂರ್ತಿ ಮುಚ್ಚದೆ ಸೋರುತ್ತಿರಬಹುದು, ಎಂಜಿನ್ನಿನ ಬಿಸಿ ಹೇಳುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಈ ಸುಳ್ಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ ತಣ್ಣಗಿದ್ದಾಗ ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಬಿಡುತ್ತದೆ, ಕಾದ ಮೇಲೆ ಕಡಿಮೆ ಮಾಡುತ್ತದೆ. ಮೇ ತಿಂಗಳ ಮಧ್ಯಾಹ್ನ ಜೇವರ್ಗಿಯಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ಓಡಿ ಬಂದ ಗಾಡಿಗೆ ಸಿಕ್ಕಿಸಿದ, ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಕೂಲಂಟ್ ತಾಪಮಾನ 10 ಡಿಗ್ರಿ ಎಂದು ತೋರಿಸಿದರೆ, ಆ ಎಂಜಿನ್ ತಾನು ಚಳಿಗಾಲದಲ್ಲಿದ್ದೇನೆಂದು ತಿಳಿದು ಪೆಟ್ರೋಲ್ ಸುರಿಯುತ್ತಿದೆ ಎಂದರ್ಥ. ಅಂಥ ಗಾಡಿಗೆ ಎಷ್ಟು ಸಲ ಹೊಸ ಪ್ಲಗ್ ಹಾಕಿದರೂ ಅವು ಮತ್ತೆ ಕಪ್ಪಾಗುತ್ತವೆ. ಇನ್ನು ಎಕ್ಸಲೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಮಾತ್ರ ಹಿಂದಿನಿಂದ ಪಟಪಟ ಎನ್ನುತ್ತಿದ್ದರೆ, ಸೈಲೆನ್ಸರ್ ಕೊಳವೆಯ ಜೋಡಣೆಗಳನ್ನು ನೋಡಬೇಕು. ಗ್ಯಾಸ್ಕೆಟ್ ಹೋಗಿದ್ದರೆ ಅಲ್ಲಿಂದ ಹೊರಗಿನ ಗಾಳಿ ಸೇರಿ ಉಳಿದ ಇಂಧನ ಹೊತ್ತಿಕೊಳ್ಳುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗುರುತು ಕಂಡರೆ ಸಾಕ್ಷಿ ಸಿಕ್ಕಿತು.

ಮುಂದಿನ ಸದ್ದು ಅಪರೂಪ, ಆದರೆ ಹೆಚ್ಚು ಗಂಭೀರ. ಬಾನೆಟ್ ಕೆಳಗೆ ಡಬ್ ಎಂದು ಹೊಡೆದು ಏರ್ ಫಿಲ್ಟರಿನ ಡಬ್ಬಿಯ ಮುಚ್ಚಳ ಎಗರುವುದುಂಟು, ರಬ್ಬರ್ ಕೊಳವೆ ಕಳಚಿ ಬೀಳುವುದುಂಟು. ಇಲ್ಲಿ ಸಾಮಾನ್ಯ ಕಾರಣ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿರುವುದು. ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಎಷ್ಟು ನಿಧಾನವೆಂದರೆ, ಮುಂದಿನ ಸುತ್ತಿಗೆ ಗಾಳಿಯ ವಾಲ್ವ್ ತೆರೆಯುವ ಹೊತ್ತಿಗೂ ಒಳಗೆ ಬೆಂಕಿ ಆರಿರುವುದಿಲ್ಲ. ಅದು ಒಳಬಂದ ಹೊಸ ಮಿಶ್ರಣಕ್ಕೆ ತಗುಲಿ ಹಿಮ್ಮುಖವಾಗಿ ಹಾರುತ್ತದೆ. ಫ್ಯೂಯಲ್ ಪಂಪಿನ ಒತ್ತಡ ಇಳಿದಿದ್ದರೆ, ಇಂಜೆಕ್ಟರ್ ಕಟ್ಟಿಕೊಂಡಿದ್ದರೆ, ಗಾಳಿ ಕೊಳವೆ ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದ್ದರೆ ಹೀಗಾಗುತ್ತದೆ. ಜೋರಾಗಿ ಎಕ್ಸಲೇಟರ್ ಒತ್ತಿದಾಗಲೇ ಸದ್ದು ಬರುವುದೂ ಈ ಬಗೆಯಲ್ಲಿ ಹೆಚ್ಚು, ಏಕೆಂದರೆ ಇಂಧನದ ಬೇಡಿಕೆ ಏರುವುದು ಆಗಲೇ. ಎರಡನೆಯ ಗುಂಪು ಯಂತ್ರದ್ದೇ ದೋಷ: ವಾಲ್ವ್ ಸುಟ್ಟು ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಟೈಮಿಂಗ್ ಚೈನ್ ಸಡಿಲಾಗಿ ಒಂದು ಹಲ್ಲು ಜಾರಿದೆ. ಇದು ದುಬಾರಿ ರಿಪೇರಿ. ಆದ್ದರಿಂದಲೇ ಇದನ್ನು ಕೊನೆಗೆ, ಪರೀಕ್ಷೆ ಮಾಡಿಯೇ ಒಪ್ಪಿಕೊಳ್ಳಬೇಕು.

ಇಲ್ಲಿ ಡೀಸೆಲ್ ಗಾಡಿಯವರಿಗೂ ಒಂದು ಮಾತು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಒಳಗೆ ಎಳೆಯುವುದು ಬರೀ ಗಾಳಿಯನ್ನು. ಅದನ್ನು ಒತ್ತಿ ಕಾಯಿಸಿದ ಮೇಲೆ ಡೀಸೆಲ್ ಸಿಂಪಡಿಸಲಾಗುತ್ತದೆ. ಹಾಗಾಗಿ ಗಾಳಿ ದಾರಿಯಲ್ಲಿ ಹೊತ್ತಿಕೊಳ್ಳಲು ಇಂಧನವೇ ಇರುವುದಿಲ್ಲ. ಬೊಲೆರೊ ಓಡುತ್ತಿರುವಾಗ ಒಮ್ಮೆಲೇ ಡಬ್ ಎಂದು, ಪಿಕಪ್ ಹೋಗಿ, ಹಿಂದೆ ಕಪ್ಪು ಹೊಗೆ ಬರತೊಡಗಿದರೆ ಮೊದಲು ನೋಡಬೇಕಾದದ್ದು ಟರ್ಬೊ ಕೊಳವೆ ಕಳಚಿದೆಯೇ, ಕ್ಲಿಪ್ ಸಡಿಲಾಗಿದೆಯೇ ಎಂದು. ಪೆಟ್ರೋಲ್ ಗಾಡಿಯ ಮದ್ದನ್ನು ಅದಕ್ಕೆ ಹಚ್ಚಬಾರದು.

ಕಾರಣಗಳ ಪಟ್ಟಿಯನ್ನು ಕಂಪನಿಯ ಕೈಪಿಡಿಯಿಂದ ಎತ್ತಿಕೊಂಡರೆ ಸಾಲದು. ಗಾಡಿ ಬದುಕುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಕರಿ ಎರೆ ಭೂಮಿ. ಬೇಸಿಗೆಯಲ್ಲಿ ಆ ಮಣ್ಣು ಹಿಟ್ಟಿನಂತೆ ನುಣ್ಣಗಾಗಿ ಹೊಲದ ದಾರಿಯ ಮೇಲೆ ಏಳುತ್ತದೆ. ಧೂಳಿನಿಂದ ಏರ್ ಫಿಲ್ಟರ್ ಕಟ್ಟಿದರೆ ಪೆಟ್ರೋಲ್ ಹೆಚ್ಚಾಗಿ ಬ್ಯಾಕ್‌ಫೈರ್ ಆಗುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಈಗಿನ ಎಂಜಿನ್ ಗಾಳಿಯನ್ನು ಅಳೆದು ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿದರೆ ಬಲ ಕಡಿಮೆಯಾಗುತ್ತದೆಯೇ ಹೊರತು ಅಷ್ಟಕ್ಕೇ ಪಟಾಕಿ ಹೊಡೆಯುವುದಿಲ್ಲ. ನಿಜವಾದ ತೊಂದರೆ ಇನ್ನೊಂದು: ಕಡಿಮೆ ಬೆಲೆಯ, ಸರಿಯಾಗಿ ಕೂರದ ಫಿಲ್ಟರಿನ ಅಂಚಿನಿಂದ ಧೂಳು ನುಸುಳಿ, ಗಾಳಿ ಅಳೆಯುವ ಸೆನ್ಸರಿನ ಕೂದಲೆಳೆಯಂಥ ತಂತಿಯ ಮೇಲೆ ಕೂರುತ್ತದೆ. ಆಮೇಲೆ ಅದು ಒಳಬರುವ ಗಾಳಿಯನ್ನು ನಿಜಕ್ಕಿಂತ ಕಡಿಮೆ ಎಂದು ಹೇಳುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಆ ಸೆನ್ಸರ್ ತೊಳೆಯಲೆಂದೇ ಇರುವ ಸ್ಪ್ರೇ ಹೊಡೆದರೆ ಎಷ್ಟೋ ಸಲ ಹೊಸದು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಬಟ್ಟೆಯಿಂದ ಒರೆಸಹೋದರೆ ಮಾತ್ರ ಅದು ಕೆಟ್ಟೇಹೋಗುತ್ತದೆ.

ಇಲಿಯ ಕಾಟ ಈ ಭಾಗದಲ್ಲಿ ಸಣ್ಣ ವಿಷಯವಲ್ಲ. 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ತೊಗರಿ ಈ ಸೀಮೆಯ ಬೆಳೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದು ಹೊಲ ಬಯಲಾದಾಗ ಕಾಳಿನ ಚೀಲಗಳು ಮನೆ ಸೇರುತ್ತವೆ, ಅವುಗಳ ಹಿಂದೆ ಇಲಿಯೂ ಬರುತ್ತದೆ. ಚೀಲ ಇಟ್ಟ ಪಡಸಾಲೆಯ ಪಕ್ಕದಲ್ಲೇ ಗಾಡಿ ನಿಂತಿದ್ದರೆ ಬೆಚ್ಚಗಿನ ಎಂಜಿನ್ ಮೇಲೆ ಗೂಡು ಕಟ್ಟಿ ಕಾಯಿಲ್ ಮತ್ತು ಇಂಜೆಕ್ಟರಿನ ತಂತಿ ಕಡಿಯುತ್ತದೆ. ಅರ್ಧ ಕಡಿದ ತಂತಿ ನಿಂತಾಗ ಕೆಲಸ ಮಾಡುತ್ತದೆ, ಗಾಡಿ ಅಲುಗಾಡಿದಾಗ ಬಿಟ್ಟು ಬಿಟ್ಟು ಕೈಕೊಡುತ್ತದೆ. ಬಂದುಹೋಗುವ ಬ್ಯಾಕ್‌ಫೈರಿಗೆ ಇದಕ್ಕಿಂತ ಸಾಮಾನ್ಯ ಕಾರಣ ಹುಡುಕಬೇಕಿಲ್ಲ. ಟಾರ್ಚ್ ಹಿಡಿದು ತಂತಿಗಳ ಮೇಲೆ ಬೆರಳಾಡಿಸಿ ನೋಡಲು ಹತ್ತು ನಿಮಿಷ ಸಾಕು. ಭೀಮಾ ದಂಡೆಯ ಊರುಗಳಲ್ಲಿ ನೀರಿನದೂ ಒಂದು ಪಾಲಿದೆ. 2020ರ ಅಕ್ಟೋಬರ್ ಪ್ರವಾಹದಂಥ ಹೊತ್ತಿನಲ್ಲಿ ನೀರಲ್ಲಿ ನಿಂತ ಗಾಡಿ ಅವತ್ತು ಚಾಲೂ ಆದರೂ, ಕನೆಕ್ಟರುಗಳೊಳಗೆ ಹಸಿರು ಕಿಲುಬು ಹಿಡಿದು ತಿಂಗಳುಗಳ ಮೇಲೆ ತೊಂದರೆ ಕೊಡಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಕನೆಕ್ಟರ್ ಬಿಚ್ಚಿ ನೋಡಿದರೆ ಗಾಡಿಯ ಹಳೆಯ ಕಥೆ ಗೊತ್ತಾಗುತ್ತದೆ. ಜಾತ್ರೆ, ಮದುವೆಗೆ ಮಾತ್ರ ತೆಗೆಯುವ ಗಾಡಿಗಳಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲೂ ಹಳಸುತ್ತದೆ.

ಜಾಗ ಗೊತ್ತಾಯಿತು, ಹೊತ್ತು ಗೊತ್ತಾಯಿತು, ತಂತಿ ಕೊಳವೆಗಳನ್ನು ಕಣ್ಣಾರೆ ನೋಡಿದ್ದಾಯಿತು. ಇನ್ನು ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಪ್ಲಗ್ ಬಿಚ್ಚಬೇಕು. ಬದಲಿಸಲು ಅಲ್ಲ, ಓದಲು. ನಾಲ್ಕು ಸಿಲಿಂಡರಿನ ಗಾಡಿಯಾದರೆ ನಾಲ್ಕನ್ನೂ ಯಾವ ಸಿಲಿಂಡರಿನದು ಎಂದು ಗುರುತಿಟ್ಟು ಸಾಲಾಗಿ ಇಡಿ. ತುದಿಯ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಮಿಶ್ರಣ ತೆಳು, ಬಿಸಿ ಅತಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಅಲ್ಲಿ ಕಿಡಿ ಬೀಳುತ್ತಿಲ್ಲ. ಜಿಡ್ಡು ಜಿಡ್ಡು ಎಂಜಿನ್ ಆಯಿಲ್ ಕಂಡರೆ ಕಥೆ ರಿಂಗ್ ಅಥವಾ ವಾಲ್ವ್ ಸೀಲಿನದು. ನಾಲ್ಕೂ ಒಂದೇ ಥರ ಕಪ್ಪಾಗಿದ್ದರೆ ದೋಷ ಎಲ್ಲಕ್ಕೂ ಸೇರಿದ್ದು, ಅಂದರೆ ಸೆನ್ಸರೋ ಪೆಟ್ರೋಲ್ ಒತ್ತಡವೋ ಇರಬೇಕು. ಮೂರು ಚೆನ್ನಾಗಿದ್ದು ಒಂದು ಮಾತ್ರ ಒದ್ದೆಯಾಗಿದ್ದರೆ ದೋಷ ಆ ಒಂದು ಸಿಲಿಂಡರಿನದು. ಇಷ್ಟು ತಿಳಿಯಲು ಖರ್ಚು ಸೊನ್ನೆ. ಆಮೇಲೆ ಕಾಯಿಲ್ ಪರೀಕ್ಷೆ. ಸ್ಕ್ಯಾನರಿನಲ್ಲಿ ಪಿ 0301 ಎಂಬ ಕೋಡ್ ಬಂದಿದೆ ಎಂದುಕೊಳ್ಳಿ. ಒಂದನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದೆ ಎಂದು ಅದರ ಅರ್ಥ. ಎಂಜಿನ್ ಆರಿಸಿಯೇ ಒಂದನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಒಂದನೆಯದಕ್ಕೂ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಈಗ ಪಿ 0303 ಬಂದರೆ ಕಾಯಿಲ್ ಜೊತೆ ದೋಷವೂ ಜಾಗ ಬದಲಿಸಿತು, ಕಾಯಿಲೇ ಅಪರಾಧಿ. ಮತ್ತೆ ಪಿ 0301 ಬಂದರೆ ಕಾಯಿಲ್ ನಿರಪರಾಧಿ. ಪ್ಲಗ್, ತಂತಿ, ಇಂಜೆಕ್ಟರ್, ಕಂಪ್ರೆಶನ್ ಕಡೆ ನೋಡಬೇಕು. ಒಂದು ಕಾಯಿಲಿಗೆ ಸಾವಿರಾರು ರೂಪಾಯಿ. ನಾಲ್ಕನ್ನೂ ಬದಲಿಸಿ ನೋಡೋಣ ಎನ್ನುವ ಸಲಹೆಯನ್ನು ಈ ಪರೀಕ್ಷೆ ಮಾಡದೆ ಒಪ್ಪುವುದು ಸರಿಯಲ್ಲ. ಒಂದು ಎಚ್ಚರಿಕೆ: ಕಾಯಿಲಿನಿಂದ ಹೊರಬರುವುದು ಹತ್ತಾರು ಸಾವಿರ ವೋಲ್ಟ್. ಎಂಜಿನ್ ಓಡುತ್ತಿರುವಾಗ ಕಾಯಿಲ್ ಎಳೆದು ನೋಡುವ ಹಳೆಯ ಅಭ್ಯಾಸ ಈಗಿನ ಗಾಡಿಗಳಲ್ಲಿ ಮನುಷ್ಯರಿಗೂ ಕಂಪ್ಯೂಟರಿಗೂ ಅಪಾಯ.

ಹೀಗೆ ಪರೀಕ್ಷಿಸುವುದಕ್ಕೆ ಬರುವ ಮೊದಲ ಆಕ್ಷೇಪ ಗೌರವ ಕೊಡಬೇಕಾದದ್ದು. ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡ ಮಿಸ್ತ್ರಿ ಸದ್ದು ಕೇಳಿಯೇ ಹೇಳುತ್ತಾರೆ, ಇಷ್ಟೆಲ್ಲ ಪರೀಕ್ಷೆ ಯಾಕೆ? ಆ ಕಿವಿಯನ್ನು ಯಾರೂ ಅಲ್ಲಗಳೆಯಬಾರದು. ಸದ್ದು ಮುಂದಿನದೋ ಹಿಂದಿನದೋ, ಒಂದೇ ಲಯದಲ್ಲಿ ಬರುತ್ತದೋ ಅಡ್ಡಾದಿಡ್ಡಿ ಬರುತ್ತದೋ ಎಂದು ಅವರಷ್ಟು ಚೆನ್ನಾಗಿ ಯಂತ್ರವೂ ಹೇಳಲಾರದು. ಆದರೆ ಕಿವಿ ಹೇಳುವುದು ಮಿಸ್ಸಿಂಗ್ ಇದೆ ಎಂದು. ಆ ಮಿಸ್ಸಿಂಗ್ ಕಾಯಿಲಿನದೋ ಇಂಜೆಕ್ಟರಿನದೋ ಎಂದು ಸದ್ದಿನಲ್ಲಿ ಬರೆದಿರುವುದಿಲ್ಲ, ಎರಡರದ್ದೂ ಒಂದೇ ಸದ್ದು. ಅನುಭವಿ ಮಿಸ್ತ್ರಿಯ ಕಿವಿಗೆ ಕಾಯಿಲ್ ಅದಲು ಬದಲು ಮಾಡುವ ಕಾಲು ಗಂಟೆ ಸೇರಿಸಿದರೆ ಅವರ ಅನುಭವದ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇದರ ಎದುರು ತುದಿಯಲ್ಲಿ, ಸ್ಕ್ಯಾನರ್ ಹೇಳಿದ್ದೇ ವೇದ ಎನ್ನುವವರಿದ್ದಾರೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಸಾಧನ ಈಗ ಯಾರಿಗೂ ನಿಲುಕುವ ಬೆಲೆಗೆ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಕೋಡ್ ತೋರಿಸುವುದು ಎಲ್ಲಿ ಹುಡುಕಬೇಕೆಂದು, ಏನು ಕೊಳ್ಳಬೇಕೆಂದಲ್ಲ. ಪಿ 0171 ಬಂದರೆ ಮಿಶ್ರಣ ತೆಳುವಾಗಿದೆ ಎಂದರ್ಥ. ಆ ಸುದ್ದಿ ತಂದದ್ದು ಹೊಗೆಯ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದು ಹೊಸಬನನ್ನು ತಂದರೆ ಅವನೂ ಅದೇ ಸುದ್ದಿ ತರುತ್ತಾನೆ, ಏಕೆಂದರೆ ಸೀಳಿದ ಗಾಳಿ ಕೊಳವೆ ಸೀಳಿದಂತೆಯೇ ಇದೆ.

ಈಗ ಎಲ್ಲೆಡೆ ಕೇಳುವ ಇನ್ನೊಂದು ಮಾತು, ಎಲ್ಲಕ್ಕೂ ಎಥನಾಲ್ ಕಾರಣ ಎಂಬುದು. ಶೇ 20ರಷ್ಟು ಎಥನಾಲ್ ಬೆರೆಸಿದ ಇ-20 ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಅಫಜಲಪುರ, ಆಳಂದದ ರೈತರಿಗೆ ಇದು ದೂರದ ವಿಷಯವಲ್ಲ. ಹವಳಗಾ ಮತ್ತು ಭೂಸನೂರಿನ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಳಿಸುವ ಸೀಮೆಯಿದು, ಎಥನಾಲಿನ ಒಂದು ಮೂಲ ಕಬ್ಬೇ. ಎಥನಾಲಿಗೆ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಕಿಲೊಗೆ ಸುಮಾರು 9 ಕಿಲೊ. ಅಂದರೆ ಅಷ್ಟೇ ಗಾಳಿಗೆ ಇ-20 ಇಂಧನ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 8ರಷ್ಟು ಹೆಚ್ಚು ಬೇಕು. ಇಂಜೆಕ್ಷನ್ ಇರುವ ಗಾಡಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಈ ಹೆಚ್ಚುವರಿಯನ್ನು ತಾನೇ ಸರಿದೂಗಿಸಬಲ್ಲದು. ಹಳೆಯ ಕಾರ್ಬ್ಯುರೇಟರ್ ಜೀಪು ಸರಿದೂಗಿಸಲಾರದು. ಹಳೆಯ ಗಾಡಿಗಳ ರಬ್ಬರ್ ಕೊಳವೆ, ಸೀಲುಗಳು ಎಥನಾಲಿಗೆ ಬೇಗ ಹಾಳಾಗಬಹುದು ಎಂಬುದೂ ನಿಜ, ಮೈಲೇಜ್ ಇಳಿಯುತ್ತದೆ ಎಂಬುದೂ ನಿಜ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ; ಟ್ಯಾಂಕಿಗೆ ನೀರು ಸೇರಿದರೆ ಎರಡೂ ಕೂಡಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ಆ ತಳದಿಂದಲೇ. ಆದ್ದರಿಂದ ಇಂಧನವನ್ನು ಅನುಮಾನಿಸುವುದು ತಪ್ಪಲ್ಲ. ಅನುಮಾನವನ್ನು ಪರೀಕ್ಷೆಗೆ ಒಡ್ಡದಿರುವುದು ತಪ್ಪು. ಟ್ಯಾಂಕಿನಲ್ಲಿರುವ ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಹೋಗುತ್ತದೆ. ಅದು ಕೆಟ್ಟಿದ್ದರೆ ನಾಲ್ಕೂ ನರಳಬೇಕು. ಎರಡನೆಯ ಸಿಲಿಂಡರೊಂದೇ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂಕಿನವರ ಜೊತೆ ಜಗಳಕ್ಕೆ ಹೋಗುವ ಮೊದಲು ಬಾನೆಟ್ ಎತ್ತುವುದು ನ್ಯಾಯ.

ಗಾಡಿ ಓಡುತ್ತದಲ್ಲ, ಆಗೊಮ್ಮೆ ಈಗೊಮ್ಮೆ ಪಟ್ ಎಂದರೆ ಏನಾಯಿತು ಎನ್ನುವವರೂ ಇದ್ದಾರೆ. ಇದಕ್ಕೆ ನನ್ನ ಉತ್ತರದಲ್ಲಿ ಮೃದುತ್ವವಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಫಜಲಪುರ, ಆಳಂದದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆ ತುಂಬ ಇರುತ್ತವೆ. ಅವನ್ನು ದಾಟಲೆಂದು ಬಲಕ್ಕೆ ತೆಗೆದು ಎಕ್ಸಲೇಟರ್ ಒತ್ತಿದ ಹೊತ್ತಿನಲ್ಲಿ ಎಂಜಿನ್ ಕೆಮ್ಮಿ ಬಲ ಬಿಟ್ಟರೆ, ಎದುರಿನಿಂದ ಬಸ್ಸು ಬರುತ್ತಿದ್ದರೆ, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ, ಆ ಕ್ಷಣಕ್ಕೆ ರಿಪೇರಿ ಇಲ್ಲ. ದುಡ್ಡಿನ ಲೆಕ್ಕವೂ ಇದೆ. ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಜೇನುಗೂಡಿನಂತೆ ಸಣ್ಣ ತೂತುಗಳಿರುವ, ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪಿಸಿದ ಪಿಂಗಾಣಿ ಅದರೊಳಗಿದೆ. ಮಿತಿಮೀರಿದ ಶಾಖಕ್ಕೆ ಅದು ಕರಗಿ ಮುದ್ದೆಯಾಗಿ ಹೊಗೆಯ ದಾರಿಯನ್ನೇ ಮುಚ್ಚುತ್ತದೆ. ನೂರಿನ್ನೂರು ರೂಪಾಯಿಯ ಪ್ಲಗ್ಗನ್ನು ಕಡೆಗಣಿಸಿದವರು ಹತ್ತಾರು ಸಾವಿರದ ಕನ್ವರ್ಟರ್ ಕೊಳ್ಳಬೇಕಾಗುವುದು ಹೀಗೆ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಅದು ಮಿನುಗತೊಡಗಿದರೆ ಕನ್ವರ್ಟರ್ ಸುಡುತ್ತಿದೆ ಎಂಬ ಎಚ್ಚರಿಕೆ. ಎಕ್ಸಲೇಟರ್ ಸಡಿಲಿಸಿ, ಬದಿಗೆ ನಿಲ್ಲಿಸಬೇಕು. ಸದ್ದಿನ ಜೊತೆ ಪೆಟ್ರೋಲ್ ವಾಸನೆಯೂ ಬಂದರೆ ಎಂಜಿನ್ ಆರಿಸಿ ಎಲ್ಲರನ್ನೂ ಕೆಳಗಿಳಿಸಬೇಕು, ಬೇರೆ ಯೋಚನೆ ಬೇಡ.

ಕನ್ವರ್ಟರ್ ಕಟ್ಟಿದೆ, ಅದನ್ನು ತೆಗೆದು ನೇರ ಪೈಪ್ ಹಾಕಿಬಿಡೋಣ ಎಂಬ ಸಲಹೆ ಬಂದರೆ ಒಪ್ಪಬೇಡಿ. ಅದನ್ನು ಕೆಡಿಸಿದ ಮಿಸ್ಸಿಂಗ್ ಹಾಗೇ ಉಳಿದಿರುತ್ತದೆ, ಸದ್ದು ಇನ್ನೂ ಜೋರಾಗುತ್ತದೆ, ಹೊಗೆ ತಪಾಸಣೆಯ ನಿಯಮವನ್ನೂ ಮುರಿದಂತಾಗುತ್ತದೆ. ಸೈಲೆನ್ಸರ್ ಬದಲಿಸಿ ಬೇಕೆಂದೇ ಪಟಪಟ ಎನ್ನಿಸುವ ಹುಡುಗರ ಖಯಾಲಿಯನ್ನು ಮನೆಯ ಗಾಡಿಗೆ ತರುವುದಂತೂ ಬೇಡವೇ ಬೇಡ. ಇನ್ನು ಹೊರಗಿನಿಂದ ಗ್ಯಾಸ್ ಕಿಟ್ ಹಾಕಿಸಿದ ಗಾಡಿಗಳಲ್ಲಿ ಮುಂದಿನ ಬ್ಯಾಕ್‌ಫೈರ್ ಹೆಚ್ಚು. ಹಳೆಯ ಬಗೆಯ ಕಿಟ್ಟುಗಳಲ್ಲಿ ಗಾಳಿಯ ದಾರಿಯ ಉದ್ದಕ್ಕೂ ಗ್ಯಾಸ್ ತುಂಬಿಕೊಂಡಿರುತ್ತದೆ, ಒಂದು ಕಿಡಿ ಹಿಮ್ಮುಖವಾದರೆ ಅಷ್ಟೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಗ್ಯಾಸಿಗೆ ಕಿಡಿಯ ಬಲವೂ ಹೆಚ್ಚು ಬೇಕು. ಪೆಟ್ರೋಲಿನಲ್ಲಿ ಸುಮ್ಮನಿದ್ದ ಸವೆದ ಪ್ಲಗ್ ಗ್ಯಾಸಿನಲ್ಲಿ ಬಾಯಿ ಬಿಡುತ್ತದೆ. ಅಂಥ ಗಾಡಿಯನ್ನು ಪೆಟ್ರೋಲಿಗೆ ಹಾಕಿ ಓಡಿಸಿ ನೋಡಿ. ಸದ್ದು ನಿಂತರೆ ಹುಡುಕಬೇಕಾದದ್ದು ಕಿಟ್ ಮತ್ತು ಪ್ಲಗ್ ಕಡೆ.

ಪ್ಲಗ್, ಕಾಯಿಲ್, ತಂತಿ, ಕೊಳವೆ, ಒತ್ತಡ, ಸೆನ್ಸರ್ ಎಲ್ಲವೂ ಸರಿಯಿದ್ದು ಒಂದು ಸಿಲಿಂಡರ್ ಮಾತ್ರ ಹಟ ಹಿಡಿದಿದ್ದರೆ ಆಗ ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು. ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಬಂದ್ ಮಾಡಿ, ಪ್ಲಗ್‌ಗಳನ್ನೆಲ್ಲ ತೆಗೆದು, ಒಂದೊಂದೇ ರಂಧ್ರಕ್ಕೆ ಗೇಜ್ ಸಿಕ್ಕಿಸಿ, ಎಕ್ಸಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುತ್ತಾರೆ. ಆರೋಗ್ಯವಂತ ಎಂಜಿನ್ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ನಾಲ್ಕೂ ಹತ್ತಿರ ಹತ್ತಿರ ಇರುವುದು. ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಟೈಮಿಂಗ್ ಚೈನಿನ ಗುರುತು ಸರಿಯಿದೆಯೇ ನೋಡಬೇಕು. ಒಂದು ಮಾತ್ರ ಇಳಿದಿದ್ದರೆ ಆ ರಂಧ್ರದೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ಆಯಿಲ್ ಪಿಸ್ಟನ್ ಸುತ್ತಲಿನ ಸಂದನ್ನು ಮುಚ್ಚಿತು, ಸವೆದದ್ದು ರಿಂಗ್. ಇದ್ದಲ್ಲೇ ನಿಂತರೆ ಸೋರುತ್ತಿರುವುದು ವಾಲ್ವ್, ಇಲ್ಲವೇ ಹೆಡ್ ಗ್ಯಾಸ್ಕೆಟ್. ಹೆಡ್ ಇಳಿಸಲು ಒಪ್ಪಿಗೆ ಕೊಡಬೇಕಾದದ್ದು ಈ ಅಂಕಿಗಳನ್ನು ಕಣ್ಣಾರೆ ಕಂಡ ಮೇಲೆ.